ಅಪ್ಪುಗೆ ಅತ್ತ ನಾಡು ಚಾಮರಾಜನಗರಕ್ಕೆ ಯಾಕೆ ಅಳಲಿಲ್ಲ: ಒಂದು ಪ್ರಕರಣ ಅಧ್ಯಯನ

“ಒಬ್ಬ ನಟ ಸತ್ತರೆ ಇಷ್ಟು ಅಳ್ತೀರಲ್ಲ, ರೈತ ಸತ್ತಾಗ ಎಲ್ಲಿ ಹೋಗಿದ್ರಿ? ಗಡೀಲಿ ಯೋಧ ಸತ್ತಾಗ ಯಾಕೆ ಅಳಲಿಲ್ಲ?”

ದೊಡ್ಡ ನಟ ಯಾರೇ ತೀರಿಕೊಳ್ಳಲಿ, ಎರಡನೇ ದಿನಕ್ಕೆ ಈ ಮಾತು ಬಂದೇ ಬರುತ್ತದೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಬಂತು. ಅಳುತ್ತಿದ್ದವರು ಸಿಟ್ಟಾದರು, ಕೇಳಿದವರು ಸುಮ್ಮನಾದರು, ಅಲ್ಲಿಗೆ ಮುಗೀತು. ಆದರೆ ಸುಮ್ನೆ ತಳ್ಳಿಹಾಕುವಂಥ ಪ್ರಶ್ನೆ ಅಲ್ಲ ಅದು. ಇದೊಂದೇ ಪ್ರಕರಣ ಹಿಡಿದು, ಆ ಅಳು ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು, ಎಲ್ಲಿಗೆ ಹೋಗಲೇ ಇಲ್ಲ ಅಂತ ನೋಡಿದರೆ ಏನಾದರೂ ಸಿಗಬಹುದು. ಅಪ್ಪು ಸಾವನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅದೇ ವರ್ಷ, ಇದೇ ರಾಜ್ಯದಲ್ಲಿ, ಅವರ ಮನೆತನದ ಊರಿರುವ ಚಾಮರಾಜನಗರ ಜಿಲ್ಲೆಯಲ್ಲೇ, ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತ ಇನ್ನೊಂದು ರಾತ್ರಿ ಬಂದು ಹೋಗಿತ್ತು. ಅದಕ್ಕೆ ಯಾರೂ ಸಾಲು ನಿಲ್ಲಲಿಲ್ಲ.

ಆ ಮೂರು ದಿನ

2021ರ ಅಕ್ಟೋಬರ್ 29, ಶುಕ್ರವಾರ. ಅಣ್ಣ ಶಿವರಾಜ್‌ಕುಮಾರ್ ಅವರ ಹೊಸ ಸಿನಿಮಾ ಅವತ್ತೇ ಬಿಡುಗಡೆ. ಬೆಳಗ್ಗೆ ಪುನೀತ್ ಟ್ವಿಟರ್‌ನಲ್ಲಿ ಶುಭ ಕೋರಿದ್ದರು. ಸ್ವಲ್ಪ ಹೊತ್ತಿಗೆ ಯಾಕೋ ಸುಸ್ತು ಅಂತ ಕುಟುಂಬದ ವೈದ್ಯರ ಹತ್ತಿರ ಹೋದರು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಸುದ್ದಿ ಖಚಿತವಾಯಿತು. ವಯಸ್ಸು 46.

ಕಂಠೀರವ ಕ್ರೀಡಾಂಗಣದಲ್ಲಿ ಪಾರ್ಥಿವ ಶರೀರ ಇಟ್ಟರು. ಮಗಳು ಅಮೆರಿಕದಿಂದ ಬರಬೇಕಿತ್ತು, ಹಾಗಾಗಿ ಶನಿವಾರ ಇಡೀ ದಿನ ದರ್ಶನ ನಡೆಯಿತು. ಬೆಂಗಳೂರಿನಲ್ಲಿ ಮದ್ಯ ಮಾರಾಟ ನಿಲ್ಲಿಸಿದರು. ಸಾಲಿನಲ್ಲಿ ಮಂಡ್ಯದವರು, ಹಾವೇರಿಯವರು, ಬಳ್ಳಾರಿಯವರು. ರಾತ್ರಿ ಬಸ್ಸು ಹತ್ತಿ ಬಂದವರು, ಲಾರಿ ಹಿಂದೆ ಕೂತು ಬಂದವರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಹೆಂಗಸರು. ಎಷ್ಟು ಜನ ಅಂತ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಲಕ್ಷಗಳಲ್ಲಿ ಅನ್ನೋದರಲ್ಲಿ ಅನುಮಾನವಿಲ್ಲ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕಂಠೀರವ ಸ್ಟುಡಿಯೋದಲ್ಲಿ ಅಪ್ಪ ಅಮ್ಮನ ಸಮಾಧಿ ಪಕ್ಕದಲ್ಲೇ ಸರ್ಕಾರಿ ಗೌರವದ ಜತೆ ಅಂತ್ಯಕ್ರಿಯೆ ಆಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಣೆಗೆ ಮುತ್ತಿಟ್ಟ ದೃಶ್ಯ ಟಿವಿಯಲ್ಲಿ ಮತ್ತೆ ಮತ್ತೆ ಬಂತು.

ಇದೇ ಕ್ರೀಡಾಂಗಣ 2006ರ ಏಪ್ರಿಲ್‌ನಲ್ಲಿ ಬೇರೆಯದೇ ದೃಶ್ಯ ಕಂಡಿತ್ತು. ಡಾ. ರಾಜ್‌ಕುಮಾರ್ ತೀರಿಕೊಂಡ ಆ ಎರಡು ದಿನ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು, ಗೋಲಿಬಾರ್ ಆಯಿತು, ಒಬ್ಬ ಪೊಲೀಸ್ ಸಿಬ್ಬಂದಿ ಸೇರಿ ಎಂಟು ಜನ ಸತ್ತರು. ಅಭಿಮಾನಿಗಳನ್ನೇ ದೇವರು ಅಂತ ಕರೆದ ನಟನ ಸಾವಿನಲ್ಲಿ ಆದ ಗಲಾಟೆ ಅದು. 2021ರಲ್ಲಿ ಹಾಗಾಗಲಿಲ್ಲ. ಜನ ಬದಲಾಗಿದ್ದರು ಅಂತ ಹೇಳಿದರೆ ಪೂರ್ತಿ ಸರಿಯಲ್ಲ. ವ್ಯವಸ್ಥೆ ಬದಲಾಗಿತ್ತು. ದರ್ಶನಕ್ಕೆ ಸಾಕಷ್ಟು ಹೊತ್ತು ಕೊಟ್ಟರು, ಸಾಲಿಗೆ ಬ್ಯಾರಿಕೇಡ್ ಹಾಕಿದರು, ಅಂತ್ಯಕ್ರಿಯೆ ಯಾವಾಗ ಎಲ್ಲಿ ಅಂತ ಮೊದಲೇ ಹೇಳಿದರು, ಕುಟುಂಬದವರೇ ಮುಂದೆ ನಿಂತು ಶಾಂತವಾಗಿರಿ ಅಂತ ಕೈಮುಗಿದರು. ಅದೇ ಮನೆತನ, ಅದೇ ಅಭಿಮಾನ, ಹೆಚ್ಚು ಕಡಿಮೆ ಅಷ್ಟೇ ದುಃಖ. ಆ ದುಃಖಕ್ಕೆ ಹರಿದು ಹೋಗೋಕೆ ಒಂದು ದಾರಿ ಇತ್ತೋ ಇಲ್ಲವೋ ಅನ್ನೋದೇ ದೊಡ್ಡ ವ್ಯತ್ಯಾಸ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸೋ ಎಳೆ ಇದೇ.

ಪೂರ್ತಿ ಒಳ್ಳೆಯದೇ ಆಯಿತು ಅಂತಲೂ ಹೇಳಲಾಗದು. ಆ ವಾರ ಕೆಲವು ಅಭಿಮಾನಿಗಳು ಆಘಾತದಿಂದ ಸತ್ತರು, ಇನ್ನು ಕೆಲವರು ತಾವಾಗಿಯೇ ಪ್ರಾಣ ಕಳೆದುಕೊಂಡರು. ಪುನೀತ್ ಮನೆಯವರು ಹಾಗೆ ಮಾಡಬೇಡಿ, ನಿಮ್ಮ ಮನೆಯವರನ್ನು ನೋಡಿಕೊಳ್ಳಿ ಅಂತ ಕೇಳಿಕೊಳ್ಳಬೇಕಾಯಿತು. ಅಭಿಮಾನದ ಕಥೆ ಹೇಳುವಾಗ ಆ ಮನೆಗಳನ್ನು ನಾವು ಬಿಟ್ಟುಬಿಡುತ್ತೇವೆ.

ಅಷ್ಟು ಅಳು ಎಲ್ಲಿಂದ ಬಂತು

‘ನಮ್ಮ ಮನೆ ಹುಡುಗ’ ಅನ್ನೋ ಮಾತನ್ನು ಆ ದಿನಗಳಲ್ಲಿ ಎಷ್ಟು ಸಲ ಕೇಳಿದೆವೋ. ಅದು ಬರೀ ಬಾಯಿಮಾತಲ್ಲ. ಆರು ತಿಂಗಳ ಕೂಸಿದ್ದಾಗಿಂದ ತೆರೆ ಮೇಲೆ ಕಂಡ ಮುಖ. ಹತ್ತು ವರ್ಷ ತುಂಬುವ ಹೊತ್ತಿಗೆ ರಾಷ್ಟ್ರಪ್ರಶಸ್ತಿಗೆ ಪಾತ್ರವಾದ ಹುಡುಗ. ನಮ್ಮಲ್ಲಿ ಒಂದು ತಲೆಮಾರು ಅವರ ಜತೆಗೇ ಬೆಳೆದಿದೆ. ನಂದಿನಿ ಹಾಲಿನ ಜಾಹೀರಾತಿನಲ್ಲಿ ದುಡ್ಡು ತಗೊಳ್ಳದೆ ಕಾಣಿಸಿಕೊಂಡಿದ್ದು ಹಳ್ಳಿ ಡೇರಿಯವರಿಗೂ ಗೊತ್ತಿತ್ತು. ಇಂಥ ಪರಿಚಯ ಒಂದು ಕಡೆಯಿಂದ ಮಾತ್ರ ಇರುತ್ತದೆ, ನಿಜ. ಆದರೆ ಅಳು ಬರೋಕೆ ಅಷ್ಟು ಸಾಕು.

ಇನ್ನೊಂದು ಕಾರಣವೂ ಇತ್ತು ಅಂತ ನನ್ನ ಊಹೆ. ಅದನ್ನು ಅಳೆದು ತೋರಿಸಲು ಆಗಲ್ಲ. ಅಪ್ಪು ಸಾಯುವ ಹೊತ್ತಿಗೆ ಕರ್ನಾಟಕದಲ್ಲಿ ಸರ್ಕಾರಿ ಲೆಕ್ಕದಲ್ಲೇ 38 ಸಾವಿರಕ್ಕೂ ಜಾಸ್ತಿ ಜನ ಕೋವಿಡ್‌ನಿಂದ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಹೋಗಿದ್ದು ಆ ವರ್ಷದ ಏಪ್ರಿಲ್, ಮೇ, ಜೂನ್‌ನಲ್ಲಿ. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದವು. ಜಾಗ ಸಾಲದೆ ಗಿಡ್ಡೇನಹಳ್ಳಿಯ ಕಲ್ಲುಕ್ವಾರಿಯಲ್ಲಿ ಬಯಲಲ್ಲೇ ಚಿತೆ ಹಚ್ಚಿದರು. ಮುಖ ನೋಡೋಕೆ ಬಿಡಲಿಲ್ಲ. ಹತ್ತಿರದವರು ಬೆರಳೆಣಿಕೆಯಷ್ಟು ಜನ. ತಿಥಿಗೆ ಊಟ ಹಾಕಿಸಲು ಕರೆದರೆ ಬರುವವರಿರಲಿಲ್ಲ. ಬೂದಿ ಒಯ್ಯಲೂ ಯಾರೂ ಬಾರದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಜೂನ್ ಮೊದಲ ವಾರ ಆಗಿನ ಕಂದಾಯ ಸಚಿವ ಆರ್. ಅಶೋಕ ಅವರೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟರು.

ಅಪ್ಪ ಹೋದಾಗ ಗಟ್ಟಿಯಾಗಿ ಅಳೋಕೆ ಆಗದಿದ್ದವನು ಅಕ್ಟೋಬರ್‌ನಲ್ಲಿ ಅಪ್ಪುಗಾಗಿ ಅತ್ತನೇ? ಕೆಲವರಾದರೂ ಹೌದು ಅನ್ನಿಸುತ್ತದೆ. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಪುನೀತ್ ಕುಟುಂಬ ಸಾವಿರಾರು ಅಭಿಮಾನಿಗಳಿಗೆ ಊಟ ಹಾಕಿಸಿತು. ಆ ವರ್ಷ ಸ್ವಂತ ಮನೆಯ ತಿಥಿಯನ್ನು ನಾಲ್ಕು ಜನ ಸೇರಿ ಮುಗಿಸಿದ್ದವರೂ ಆ ಪಂಕ್ತಿಯಲ್ಲಿ ಕೂತು ಉಂಡಿರಲೇಬೇಕು. ‘ಒಬ್ಬ ನಟನಿಗೆ ಅಳ್ತೀರಿ’ ಅಂತ ಮೂದಲಿಸುವಾಗ, ಆ ಅಳು ನಿಜಕ್ಕೂ ಒಬ್ಬರಿಗೇ ಇತ್ತಾ ಅಂತ ಕೇಳಿಕೊಳ್ಳಬೇಕು.

ಕಣ್ಣಿಗೆ ಹೋದ ಅಳು

ಈಗ ಆ ದುಃಖ ಮಾಡಿದ ಕೆಲಸಕ್ಕೆ ಬರೋಣ. ಸಾವಾದ ಮಧ್ಯಾಹ್ನವೇ ಕುಟುಂಬ ನಾರಾಯಣ ನೇತ್ರಾಲಯಕ್ಕೆ ಸುದ್ದಿ ಕೊಟ್ಟು ಪುನೀತ್ ಕಣ್ಣು ದಾನ ಮಾಡಿತು. ಎರಡು ಕಣ್ಣು ಅಂದರೆ ಇಬ್ಬರಿಗೆ ದೃಷ್ಟಿ, ಅಲ್ವಾ? ಇಲ್ಲಿ ನಾಲ್ವರಿಗೆ ಬಂತು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ ಕಾರ್ನಿಯಾ ಅಂತಾರೆ. ಅದರಲ್ಲಿ ಹಲವು ಪದರಗಳಿವೆ. ಕೆಲವರಿಗೆ ಮುಂದಿನ ಪದರ ಕೆಟ್ಟಿರುತ್ತದೆ, ಕೆಲವರಿಗೆ ಹಿಂದಿನದು. ಡಾ. ಭುಜಂಗ ಶೆಟ್ಟಿ ಅವರ ತಂಡ ಒಂದೊಂದು ಕಾರ್ನಿಯಾವನ್ನೂ ಎರಡಾಗಿ ಬಿಡಿಸಿತು. ಮುಂದಿನ ಪದರ ಇಬ್ಬರಿಗೆ, ಹಿಂದಿನ ಪದರ ಇನ್ನಿಬ್ಬರಿಗೆ. ನಾಲ್ವರೂ ಇದೇ ರಾಜ್ಯದ ಚಿಕ್ಕ ವಯಸ್ಸಿನವರು. ರಾಜ್ಯೋತ್ಸವದ ದಿನ ಈ ಸುದ್ದಿ ಹೊರಗೆ ಬಂತು.

ಆಮೇಲೆ ನಡೆದಿದ್ದು ಎಲ್ಲರಿಗೂ ಗೊತ್ತು. ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಊರೂರಲ್ಲಿ ಅಭಿಮಾನಿ ಸಂಘಗಳು ಶಿಬಿರ ಇಟ್ಟವು. ಫ್ಲೆಕ್ಸ್‌ನಲ್ಲಿ ಅಪ್ಪು ನಗುಮುಖ, ಕೆಳಗೆ ಟೇಬಲ್ಲು, ಟೇಬಲ್ಲಿನ ಮೇಲೆ ಅರ್ಜಿ. ಮದುವೆ ಮನೆಯಲ್ಲೂ ಗಂಡು ಹೆಣ್ಣು ಸೇರಿ ಸಹಿ ಹಾಕಿದರು. ಕೋವಿಡ್ ಕಾಲದಲ್ಲಿ ದೇಶದ ಎಲ್ಲ ಕಡೆ ನೇತ್ರದಾನ ನೆಲಕಚ್ಚಿತ್ತು, ಆ ಹೊತ್ತಿನಲ್ಲಿ ಇಲ್ಲಿ ಅದು ಎದ್ದು ನಿಂತಿತು.

ಇದು ತಾನಾಗಿ ಆಗಲಿಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ರಾಜ್‌ಕುಮಾರ್ ಹೆಸರಿನ ಕಣ್ಣಿನ ಬ್ಯಾಂಕ್ 1994ರಲ್ಲೇ ಶುರುವಾಗಿತ್ತು. ಅವತ್ತೇ ಅವರು ತಮ್ಮ ಕುಟುಂಬದವರ ಕಣ್ಣು ಕೊಡುವುದಾಗಿ ಮಾತು ಕೊಟ್ಟಿದ್ದರು. 2006ರಲ್ಲಿ ಅಷ್ಟೆಲ್ಲ ಗಲಾಟೆ ನಡುವೆಯೂ ಅವರ ಕಣ್ಣು ಹೋಯಿತು. 2017ರಲ್ಲಿ ಪಾರ್ವತಮ್ಮ ಅವರದ್ದು. ಹಾಗಾಗಿ 2021ರಲ್ಲಿ ಯಾರನ್ನು ಕರೆಯಬೇಕು ಅಂತ ಆ ಮನೆಯವರು ಹುಡುಕಬೇಕಾಗಿರಲಿಲ್ಲ. ಜನರಿಗೂ ಅಷ್ಟೇ, ಅತ್ತು ಮುಗಿಸಿದ ಕೂಡಲೇ ಮಾಡೋಕೆ ಒಂದು ಕೆಲಸ ಸಿಕ್ಕಿತು. ಇಪ್ಪತ್ತೇಳು ವರ್ಷ ಮೊದಲೇ ತೋಡಿಟ್ಟ ಕಾಲುವೆಗೆ ಆ ನವೆಂಬರ್‌ನಲ್ಲಿ ನೀರು ಬಂತು.

ಅರ್ಜಿಗೂ ಕಣ್ಣಿಗೂ ನಡುವೆ ದೂರ ಜಾಸ್ತಿ. ಶಿಬಿರದಲ್ಲಿ ಇದನ್ನು ಹೇಳುವವರು ಕಡಿಮೆ. ಸಹಿ ಹಾಕಿದ ಕಾರ್ಡು ಪರ್ಸಿನಲ್ಲಿದ್ದರೆ ಕಣ್ಣು ದಾನ ಆಗಲ್ಲ. ಉಸಿರು ನಿಂತ ಮೇಲೆ ಸುಮಾರು ಆರು ಗಂಟೆಯೊಳಗೆ ಮನೆಯವರು ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಬೇಕು. ಬ್ಯಾಂಕಿನವರು ಮನೆಗೇ ಬರುತ್ತಾರೆ. ಅವರ ಕೆಲಸ ಇಪ್ಪತ್ತು ನಿಮಿಷದ್ದು. ಸ್ವಲ್ಪ ರಕ್ತವನ್ನೂ ಪರೀಕ್ಷೆಗೆ ತಗೊಳ್ಳುತ್ತಾರೆ. ಮುಖ ವಿಕಾರ ಆಗಲ್ಲ. ಕನ್ನಡಕ ಹಾಕ್ತಿದ್ದವರು, ಶುಗರ್ ಇದ್ದವರು, ಪೊರೆ ಆಪರೇಷನ್ ಆದವರು, ಎಲ್ಲರೂ ಕೊಡಬಹುದು. ಕೊನೆಯಲ್ಲಿ ಒಪ್ಪಿಗೆ ಸಹಿ ಮನೆಯವರದ್ದೇ. ಸತ್ತವರು ಹೆಸರು ಬರೆಸದೇ ಇದ್ದರೂ ಮನೆಯವರು ಕೊಡಬಹುದು. ಬರೆಸಿದ್ದರೂ ಮನೆಯವರು ಬೇಡ ಅಂದರೆ ಮುಗೀತು.

ಅಂದರೆ ಈ ವ್ಯವಸ್ಥೆ ನಿಂತಿರೋದು ಹೆಣದ ಪಕ್ಕ ಕೂತ ಒಬ್ಬರ ತಲೆಯಲ್ಲಿ ಆ ಹೊತ್ತಿಗೆ ಅದು ಹೊಳೆಯುತ್ತಾ ಅನ್ನೋದರ ಮೇಲೆ. ಊರಿಂದ ನೆಂಟರು ಬರ್ತಿದ್ದಾರೆ, ಐಸ್ ಬಾಕ್ಸ್ ತರಬೇಕು, ಶಾಸ್ತ್ರಿಗಳಿಗೆ ಹೇಳಬೇಕು, ಚಪ್ಪರದವನು ಫೋನ್ ಎತ್ತುತ್ತಿಲ್ಲ. ಇದರ ನಡುವೆ ಯಾರೋ ಒಬ್ಬ ಸೊಸೆಯೋ ಮೊಮ್ಮಗನೋ ‘ಕಣ್ಣು ಕೊಡೋಣ್ವಾ’ ಅಂತ ಬಾಯಿ ಬಿಡಬೇಕು. ಅಪ್ಪು ಹೆಸರು ಅತಿ ಹೆಚ್ಚು ಕೆಲಸಕ್ಕೆ ಬಂದಿದ್ದು ಇಲ್ಲಿ ಅಂತ ನನಗನ್ನಿಸುತ್ತದೆ. ಮೊದಲು ಆ ಮಾತು ತೆಗೆದರೆ ‘ಈಗಲೇ ಏನು ಮಾತು ಇದು’ ಅಂತ ಹಿರಿಯರು ಗದರುತ್ತಿದ್ದರು. ಆಮೇಲೆ ‘ಅಪ್ಪು ಕೊಟ್ಟಿಲ್ವಾ’ ಅಂದರೆ ಸುಮ್ಮನಾಗುವಷ್ಟಾಯಿತು. ಪಕ್ಷ, ಜಾತಿ, ಪುರೋಹಿತರು ಎಲ್ಲರನ್ನೂ ದಾಟೋಕೆ ಆ ಒಂದು ಹೆಸರು ಸಾಕಾಯಿತು. ಯಾವ ಆರೋಗ್ಯ ಇಲಾಖೆಯ ಜಾಹೀರಾತಿನ ಕೈಲೂ ಇದು ಆಗಿರಲಿಲ್ಲ.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಅದೇ ವರ್ಷ ಜೂನ್‌ನಲ್ಲಿ ಸಂಚಾರಿ ವಿಜಯ್ ಬೈಕ್ ಅಪಘಾತವಾಗಿ ತೀರಿಕೊಂಡರು. ಅವರೂ ರಾಷ್ಟ್ರಪ್ರಶಸ್ತಿ ಪಡೆದ ನಟ. ಕೋವಿಡ್ ಹೊತ್ತಿನಲ್ಲಿ ಜನರಿಗೆ ನೆರವಾಗುತ್ತಾ ಓಡಾಡುತ್ತಿದ್ದರು. ಮಿದುಳು ನಿಷ್ಕ್ರಿಯವಾದ ಮೇಲೆ ಕುಟುಂಬ ಅವರ ಅಂಗಾಂಗಗಳನ್ನು ದಾನ ಮಾಡಿತು. ದಾನದ ಲೆಕ್ಕದಲ್ಲಿ ಅದು ಕಣ್ಣಿಗಿಂತ ದೊಡ್ಡದು. ಜನ ಮರುಗಿದರು, ಆದರೆ ಅಂಗಾಂಗ ದಾನಕ್ಕೆ ಅಂಥ ಸಾಲು ನಿಲ್ಲಲಿಲ್ಲ. ಒಳ್ಳೆ ಕೆಲಸ ಮಾಡಿದರೆ ಸಾಕು, ಜನ ಅದರ ಹಿಂದೆ ಬರುತ್ತಾರೆ ಅನ್ನೋ ನಂಬಿಕೆ ಇಲ್ಲಿ ನಿಲ್ಲಲ್ಲ. ಮುಖ ಎಷ್ಟು ಮನೆ ಒಳಗೆ ಹೋಗಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಇದು ನ್ಯಾಯ ಅಂತ ನಾನು ಹೇಳ್ತಿಲ್ಲ.

ಎದೆಗೆ ಹೋದ ಭಯ

ಎರಡನೇ ದಾರಿ ಅಳುವಿನದ್ದಲ್ಲ, ಹೆದರಿಕೆಯದ್ದು. ದಿನಾ ವ್ಯಾಯಾಮ ಮಾಡ್ತಿದ್ದ 46ರ ಮನುಷ್ಯನೇ ಹೃದಯಾಘಾತದಿಂದ ಹೀಗೆ ಹೋದರೆ ನಮ್ಮ ಗತಿ ಏನು? ಮಾರನೇ ವಾರ ಜಯದೇವ ಆಸ್ಪತ್ರೆಯ ಹೊರರೋಗಿ ವಿಭಾಗ ಕಿಕ್ಕಿರಿಯಿತು. ಅಲ್ಲಿನ ವೈದ್ಯರೇ ಗಾಬರಿ ಬೇಡ ಅಂತ ಹೇಳಬೇಕಾಯಿತು. ಜಿಮ್‌ಗಳ ಮೇಲೆ ಅನುಮಾನ ಹುಟ್ಟಿತು. ವಾಟ್ಸಾಪ್‌ನಲ್ಲಿ ಎಲ್ಲರೂ ಹೃದ್ರೋಗ ತಜ್ಞರಾದರು.

ಗದ್ದಲ ಇಳಿದ ಮೇಲೆ ಉಳಿದ ಒಂದು ವಿಷಯ ಮಾತ್ರ ಗಟ್ಟಿಯಾದದ್ದು. ರಾಜ್ಯ ಸರ್ಕಾರ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಅನ್ನೋ ಯೋಜನೆ ತಂತು. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇಸಿಜಿ ತೆಗೆಯುತ್ತಾರೆ. ಅದು ಕಂಪ್ಯೂಟರಿನಲ್ಲೇ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಹೋಗುತ್ತದೆ. ಹೃದಯಾಘಾತ ಅಂತ ಗೊತ್ತಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಮೊದಲ ಒಂದು ಗಂಟೆಯೇ ತುಂಬಾ ಮುಖ್ಯವಾದ ಕಾಯಿಲೆಗೆ, ಬೆಂಗಳೂರಿಗೋ ಮೈಸೂರಿಗೋ ಮೂರು ಗಂಟೆ ದಾರಿ ಇರುವ ಊರಿನವನಿಗೆ, ಇದು ಜೀವದ ಪ್ರಶ್ನೆ. ಸಂತೆಯಲ್ಲಿ ಎದೆ ಹಿಡಿದು ಕುಸಿದ ಕೂಲಿಯವನು ಅಪ್ಪು ಸಿನಿಮಾ ನೋಡಿರಬೇಕಾಗಿಲ್ಲ. ಯೋಜನೆ ಅವನಿಗೂ ಸಿಗುತ್ತದೆ. 2025ರಲ್ಲಿ ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸಾಯ್ತಿದ್ದಾರೆ ಅಂತ ದೊಡ್ಡ ಸುದ್ದಿಯಾದಾಗ, ಅದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗೂ ಒಯ್ಯುವ ಮಾತು ಬಂತು. ಒಬ್ಬ ನಟನ ಹೆಸರು ಸರ್ಕಾರಿ ಕಡತ ಸೇರಿದ್ದರಿಂದ ಆದ ಲಾಭ ಇದು.

ಮೇ 2ರ ರಾತ್ರಿ

ಇಷ್ಟು ಹೇಳಿ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಅಭಿಮಾನಿಗಳಿಗೂ ಖುಷಿ. ಆದರೆ ಅದೇ ವರ್ಷದ ಇನ್ನೊಂದು ರಾತ್ರಿಯನ್ನು ಪಕ್ಕದಲ್ಲಿ ಇಡದಿದ್ದರೆ ಈ ಅಧ್ಯಯನ ಅರ್ಧವೇ ಆಗುತ್ತದೆ.

2021ರ ಮೇ 2ರ ರಾತ್ರಿಯಿಂದ 3ರವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಮುಗಿಯುತ್ತಾ ಬಂದಿತ್ತು. ಮೈಸೂರಿನಿಂದ ಸಿಲಿಂಡರ್ ಬರಬೇಕಿತ್ತು, ಹೊತ್ತಿಗೆ ಬರಲಿಲ್ಲ. ಒಳಗೆ ಉಸಿರಿಗೆ ಒದ್ದಾಡುತ್ತಿದ್ದವರು ಹೊರಗಿನವರಿಗೆ ಫೋನ್ ಮಾಡಿದರು. ಆಮ್ಲಜನಕದ ಕೊರತೆಯಿಂದ ಸತ್ತಿದ್ದು ಮೂವರು ಮಾತ್ರ ಅಂತ ಆಗಿನ ಆರೋಗ್ಯ ಸಚಿವರು ಹೇಳಿದರು. ಎರಡು ಜಿಲ್ಲೆಯ ಆಡಳಿತಗಳು ಒಂದರ ಮೇಲೊಂದು ತಪ್ಪು ಹೊರಿಸಿದವು. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ಅವರ ಸಮಿತಿ ಆಮ್ಲಜನಕ ಇರಲಿಲ್ಲ ಅನ್ನೋದನ್ನೇ ಎತ್ತಿ ಹೇಳಿತು, ಚಾಮರಾಜನಗರ ಜಿಲ್ಲಾಡಳಿತದ ವೈಫಲ್ಯವನ್ನು ತೋರಿಸಿತು. ಆಮೇಲೆ ಪರಿಹಾರ, ಆಯೋಗ, ವರದಿ, ಮತ್ತೆ ತನಿಖೆ. ಸತ್ತವರ ಮನೆಯವರು ಕೆಲಸ ಕೊಡಿ ಅಂತ ವರ್ಷಗಟ್ಟಲೆ ಕಚೇರಿ ಅಲೆದರು.

ಈ ಜಿಲ್ಲೆಗೂ ಅಪ್ಪುಗೂ ನಂಟು ಬಹಳ ಹತ್ತಿರದ್ದು. ರಾಜ್‌ಕುಮಾರ್ ಅವರ ಪೂರ್ತಿ ಹೆಸರಿನಲ್ಲಿರುವ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯ ಊರು. ಅವರು ಹುಟ್ಟಿದ ಗಾಜನೂರು ಗಡಿ ದಾಟಿದರೆ ತಮಿಳುನಾಡಿನ ತಾಳವಾಡಿ ಭಾಗದಲ್ಲಿ ಸಿಗುತ್ತದೆ. ಪುನೀತ್ ಸ್ವತಃ ಚಾಮರಾಜನಗರ ಜಿಲ್ಲೆಯ ಪ್ರವಾಸೋದ್ಯಮ ರಾಯಭಾರಿ ಆಗಿದ್ದರು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ನೋಡಲು ಬನ್ನಿ ಅಂತ ಕರೆದ ಮುಖ ಅವರದ್ದೇ. ಅಂದರೆ ಸತ್ತ 24 ಜನ ದೂರದ ದೇಶದವರಲ್ಲ. ಅಪ್ಪು ಅಭಿಮಾನಿಗಳೂ ಅವರಲ್ಲಿ ಇದ್ದಿರಬಹುದು.

ಆದರೂ ನಾಡು ಬೀದಿಗಿಳಿಯಲಿಲ್ಲ. ಯಾಕೆ? ಲಾಕ್‌ಡೌನ್ ತರಹದ ನಿರ್ಬಂಧ ಇತ್ತು, ಎಲ್ಲರ ಮನೆಯಲ್ಲೂ ಕಾಯಿಲೆ ಇತ್ತು, ಸರಿ. ಆದರೆ ಆ ನಿರ್ಬಂಧ ತೆಗೆದ ಮೇಲೂ ಏನೂ ಆಗಲಿಲ್ಲವಲ್ಲ. ಅಪ್ಪು ಸಾವಿಗೆ ಇದ್ದದ್ದೆಲ್ಲ ಇಲ್ಲಿ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಮುಖ ಇರಲಿಲ್ಲ, ಬರೀ ಒಂದು ಸಂಖ್ಯೆ ಇತ್ತು. ಹೋಗಿ ಹೂ ಇಡಲು ಜಾಗವಿರಲಿಲ್ಲ. ಬೇರೆ ಬೇರೆ ಊರಿನವರು, ಬೇರೆ ಬೇರೆ ಕಡೆ ದಫನ್ನು, ದಹನ. ಅತ್ತ ಮೇಲೆ ಮಾಡಲು ಕೆಲಸವೂ ಇರಲಿಲ್ಲ. ಕಣ್ಣಿಗಾದರೆ ಅರ್ಜಿ ತುಂಬಬಹುದು, ಎದೆಗಾದರೆ ಇಸಿಜಿ ಮಾಡಿಸಬಹುದು. ಸಿಲಿಂಡರ್ ಯಾಕೆ ಬರಲಿಲ್ಲ ಅನ್ನೋದಕ್ಕೆ ಸಾಮಾನ್ಯ ಮನುಷ್ಯ ಎಲ್ಲಿ ಸಹಿ ಹಾಕಬೇಕು? ಅದಕ್ಕೆ ಬೇಕಾಗಿದ್ದು ಸಿಟ್ಟು. ನಾವು ಅಳುವಾಗ ಸೇರುವಷ್ಟು ಜನ ಸಿಟ್ಟಾದಾಗ ಸೇರಲ್ಲ. ಅಪ್ಪು ಸಾವಿನಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ. ಮುಖ್ಯಮಂತ್ರಿಯಿಂದ ಹಿಡಿದು ಆಟೋದವರವರೆಗೆ ಎಲ್ಲರೂ ಒಟ್ಟಿಗೆ ಅಳಬಹುದಿತ್ತು. ಚಾಮರಾಜನಗರದಲ್ಲಿ ಅಳಬೇಕಾದ ಕೆಲವರು ಉತ್ತರ ಹೇಳಬೇಕಾದವರೂ ಆಗಿದ್ದರು.

ಹಾಗಾಗಿ ನನ್ನ ತೀರ್ಮಾನ ಹೀಗೆ. ಅಭಿಮಾನಿಗಳ ಅಳು ಬಡವರ ಪಾಲಿನ ಅಳುವನ್ನು ಕಿತ್ತುಕೊಳ್ಳಲಿಲ್ಲ. ಅಪ್ಪು ಸಾಯದೇ ಇದ್ದಿದ್ದರೆ ಆ ಲಕ್ಷಾಂತರ ಜನ ಚಾಮರಾಜನಗರದ ಆಸ್ಪತ್ರೆ ಮುಂದೆ ಹೋಗಿ ನಿಲ್ಲುತ್ತಿದ್ದರು ಅಂತ ಯಾರಾದರೂ ನಂಬುತ್ತೀರಾ? ಜತೆಗೆ, ಆ ಅಳು ಬಡವರಿಗೂ ಉಪಯೋಗಕ್ಕೆ ಬಂದಿದೆ, ಕಣ್ಣು ಮತ್ತು ಎದೆಯ ವಿಷಯದಲ್ಲಿ. ಆದರೆ ಅದು ಸತ್ತ ನಟನ ಮೈಯನ್ನು ಬಿಟ್ಟು ಆಚೆ ಹೋಗಲಿಲ್ಲ. ಅವರ ಕಣ್ಣು, ಅವರ ಎದೆ. ಅವರಿಗೆ ಬಾರದ ಕಷ್ಟಕ್ಕೆ, ಅಂದರೆ ಆಮ್ಲಜನಕ ಸಿಗದೆ ಸಾಯುವ ಕಷ್ಟಕ್ಕೆ, ಆ ನೀರು ಹರಿಯಲಿಲ್ಲ. ‘ರೈತ ಸತ್ತಾಗ ಎಲ್ಲಿ ಹೋಗಿದ್ರಿ’ ಅನ್ನೋರ ಮಾತಿನಲ್ಲಿ ನಿಜ ಇರೋದು ಇಷ್ಟು ಮಟ್ಟಿಗೆ. ಆ ನವೆಂಬರ್‌ನಲ್ಲೇ ಅಕಾಲಿಕ ಮಳೆ ಬಿದ್ದು ಕೊಯ್ಲಿಗೆ ಬಂದ ರಾಗಿ, ಭತ್ತ ಹೊಲದಲ್ಲೇ ಮೊಳಕೆ ಒಡೆಯಿತು. ಅದಕ್ಕೂ ಯಾರೂ ಶಿಬಿರ ಹಾಕಲಿಲ್ಲ. ಹಾಗೆ ಕೇಳಿದವರೂ ಹಾಕಲಿಲ್ಲ ಬಿಡಿ.

ಗಡಿಯಾಚೆ

ಇದು ನಮ್ಮವರ ಸ್ವಭಾವ ಮಾತ್ರ ಅಂದುಕೊಳ್ಳಬೇಡಿ. ಪುನೀತ್ ಸಾಯುವ ನಾಲ್ಕು ದಿನ ಮೊದಲು, ಅಕ್ಟೋಬರ್ 25ರಂದು, ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳು ಅಫ್ಘಾನಿಸ್ತಾನದ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿದ್ದವು. ನವೆಂಬರ್‌ನಿಂದ ಅಲ್ಲಿ 2.28 ಕೋಟಿ ಜನರಿಗೆ ಹೊಟ್ಟೆಗೆ ಸರಿಯಾಗಿ ಸಿಗಲ್ಲ ಅಂತ. ದೇಶದ ಅರ್ಧಕ್ಕೂ ಹೆಚ್ಚು ಜನ. ಆ ವರ್ಷ ಜಗತ್ತಿನಲ್ಲಿ ಐದು ವರ್ಷ ತುಂಬುವ ಮೊದಲೇ ಸತ್ತ ಮಕ್ಕಳು ಸುಮಾರು 50 ಲಕ್ಷ. ದಿನಕ್ಕೆ ಹದಿಮೂರು ಸಾವಿರಕ್ಕೂ ಮೇಲೆ. ಓದಿದಾಗ ಅಯ್ಯೋ ಅನ್ನಿಸುತ್ತದೆ, ಪುಟ ತಿರುಗಿಸುತ್ತೇವೆ. ಬೆಂಗಳೂರಿನಲ್ಲೂ ಹಾಗೆ, ಲಂಡನ್‌ನಲ್ಲೂ ಹಾಗೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಇದನ್ನೇ ದಶಕಗಳಿಂದ ಅಭ್ಯಾಸ ಮಾಡಿದವರು. ಸಂಖ್ಯೆ ಬೆಳೆದಷ್ಟೂ ಮನಸ್ಸು ಮರಗಟ್ಟುತ್ತದೆ ಅನ್ನೋದು ಅವರ ಮುಖ್ಯ ಮಾತು. 2015ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಸಮುದ್ರ ದಂಡೆಗೆ ಸಿರಿಯಾದ ಒಂದು ಪುಟ್ಟ ಮಗುವಿನ ಹೆಣ ಬಂದು ಬಿದ್ದ ಫೋಟೋ ನಿಮಗೆ ನೆನಪಿರಬೇಕು. ಅಷ್ಟು ಹೊತ್ತಿಗೆ ಸಿರಿಯಾ ಯುದ್ಧದಲ್ಲಿ ಲಕ್ಷಾಂತರ ಜನ ಸತ್ತಾಗಿತ್ತು. ಆ ಒಂದು ಫೋಟೋ ಬಂದ ವಾರ ಸ್ವೀಡನ್ನಿನ ರೆಡ್ ಕ್ರಾಸ್‌ನ ನಿರಾಶ್ರಿತರ ನಿಧಿಗೆ ದಿನಕ್ಕೆ ಬರುವ ದೇಣಿಗೆಗಳು ನೂರು ಪಟ್ಟು ಏರಿದವು. ಒಂದೂವರೆ ತಿಂಗಳಲ್ಲಿ ಮತ್ತೆ ಇಳಿದವು. ಆದರೆ ಆ ಬಿಸಿಯಲ್ಲಿ ‘ತಿಂಗಳು ತಿಂಗಳು ಕೊಡುತ್ತೇವೆ’ ಅಂತ ಬರೆದುಕೊಟ್ಟವರು ಹೆಚ್ಚಿನಂಶ ಹಾಗೇ ಉಳಿದರು. ಮರುಕ ಇಳಿದರೂ ಬರೆದುಕೊಟ್ಟದ್ದು ನಡೆಯುತ್ತಿತ್ತು. ಕಂಠೀರವ ಕ್ರೀಡಾಂಗಣದ ಸಾಲು ಕರಗಿದ ಮೇಲೂ ಕಣ್ಣಿನ ಬ್ಯಾಂಕ್ ಉಳಿದ ಹಾಗೆ.

ಇನ್ನೊಂದು ಉದಾಹರಣೆ ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರದ್ದು. ಅವರು ಸತ್ತಿದ್ದು 1997ರ ಆಗಸ್ಟ್ 31ಕ್ಕೆ. ಮಾರನೇ ದಿನವೇ ಓಸ್ಲೋದಲ್ಲಿ ನೆಲಬಾಂಬ್ ನಿಷೇಧದ ಮಾತುಕತೆ ಶುರುವಾಗಬೇಕಿತ್ತು. ಆ ವರ್ಷ ಜನವರಿಯಲ್ಲಿ ಅವರು ಅಂಗೋಲಾದ ನೆಲಬಾಂಬ್ ಬಯಲಲ್ಲಿ ನಡೆದಿದ್ದರು, ಸಾಯುವ ತಿಂಗಳಲ್ಲೇ ಬೋಸ್ನಿಯಾಕ್ಕೆ ಹೋಗಿ ಕಾಲು ಕಳೆದುಕೊಂಡವರನ್ನು ಕಂಡಿದ್ದರು. ಡಿಸೆಂಬರ್‌ನಲ್ಲಿ ಒಟ್ಟಾವಾದಲ್ಲಿ ಒಪ್ಪಂದಕ್ಕೆ ನೂರಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಅದರ ಹಿಂದೆ ವರ್ಷಗಟ್ಟಲೆ ದುಡಿದ ಸಂಘಟನೆಗಳಿದ್ದವು. ಅವರಿಗೇ ಆ ವರ್ಷದ ಶಾಂತಿ ನೊಬೆಲ್ ಸಿಕ್ಕಿತು. ಅಲ್ಲೂ ದಾರಿ ಮೊದಲೇ ಸಿದ್ಧವಾಗಿತ್ತು. ಭಾರತ ಆ ಒಪ್ಪಂದಕ್ಕೆ ಇವತ್ತಿಗೂ ಸಹಿ ಹಾಕಿಲ್ಲ, ಅದು ಬೇರೆ ಕಥೆ.

ಈಗ ಮಾಡಬಹುದಾದದ್ದು

ಸತ್ತ ನಟನಿಗೆ ಅಳಬೇಡಿ ಅಂತ ಹೇಳಿ ಪ್ರಯೋಜನವಿಲ್ಲ. ಯಾರೂ ಕೇಳಲ್ಲ, ಕೇಳಬೇಕಾಗಿಯೂ ಇಲ್ಲ. ಪ್ರಶ್ನೆಯನ್ನು ಬೇರೆ ಕಡೆ ಕೇಳಬೇಕು. ಕಣ್ಣಿಗಾದರೆ ಬ್ಯಾಂಕ್ ಇತ್ತು, ಅರ್ಜಿ ಇತ್ತು. ಆಮ್ಲಜನಕಕ್ಕೆ, ಬೆಳೆ ನಷ್ಟಕ್ಕೆ ಅಂಥದ್ದೇನಿದೆ?

ಅಪ್ಪು ಅಭಿಮಾನಿ ಸಂಘಗಳು ಈಗಲೂ ಇವೆ. ಪ್ರತಿ ಮಾರ್ಚ್ 17ಕ್ಕೆ ಹುಟ್ಟುಹಬ್ಬ, ಅಕ್ಟೋಬರ್ 29ಕ್ಕೆ ಪುಣ್ಯತಿಥಿ, ಎರಡು ದಿನವೂ ರಕ್ತದಾನ, ನೇತ್ರದಾನ, ಅನ್ನದಾನ ನಡೆಯುತ್ತವೆ. ದುಡ್ಡು ಖರ್ಚು ಮಾಡದೆ ಇಷ್ಟು ಜನರನ್ನು, ಇಷ್ಟು ಶಿಸ್ತಿನಲ್ಲಿ ಸೇರಿಸೋಕೆ ಯಾವ ರಾಜಕೀಯ ಪಕ್ಷಕ್ಕೂ ಆಗಲ್ಲ. ಅವರ ಕ್ಯಾಲೆಂಡರಿಗೆ ಮೂರನೆಯ ದಿನ ಒಂದನ್ನು ಸೇರಿಸಬಹುದು: ಮೇ 2. ಮೆರವಣಿಗೆ ಬೇಡ, ಭಾಷಣ ಬೇಡ. ಅವತ್ತು ತಮ್ಮ ತಾಲ್ಲೂಕು ಆಸ್ಪತ್ರೆಗೆ ಐದು ಜನ ಹೋಗಿ ಕೇಳಲಿ. ಆಮ್ಲಜನಕದ ಘಟಕ ಓಡ್ತಿದೆಯಾ? ಕರೆಂಟ್ ಹೋದರೆ ಜನರೇಟರ್ ಇದೆಯಾ? ಸಿಲಿಂಡರ್ ಎಷ್ಟಿವೆ, ಮುಗಿದರೆ ಎಲ್ಲಿಂದ ಬರುತ್ತವೆ? ಹೃದಯ ಜ್ಯೋತಿಯ ಇಂಜೆಕ್ಷನ್ ಫ್ರಿಜ್ಜಿನಲ್ಲಿದೆಯಾ, ಅದರ ಅವಧಿ ಮುಗಿದಿಲ್ಲ ತಾನೇ? ಬಾಯಿಮಾತಿನ ಉತ್ತರ ಬೇಡ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ, ಹತ್ತು ರೂಪಾಯಿ. ಮೂವತ್ತು ದಿನದಲ್ಲಿ ಆಸ್ಪತ್ರೆಯವರು ಬರವಣಿಗೆಯಲ್ಲಿ ಹೇಳಬೇಕಾಗುತ್ತದೆ. ಬಂದ ಉತ್ತರವನ್ನು ಅಪ್ಪು ಫ್ಲೆಕ್ಸ್ ಕಟ್ಟುವ ಸರ್ಕಲ್ಲಿನಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಕಟ್ಟಲಿ. ಮೊದಲ ವರ್ಷ ಚಾಮರಾಜನಗರದ ಸಂಘದವರೇ ಶುರು ಮಾಡಿದರೆ ಒಳ್ಳೆಯದು.